ಗುಣ ಕಂಡ ಔಷಧಿ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
೧೨ ಜನವರಿ ೨೦೨೫

ಪ್ರಿಯ ಗಾನವಿ,

ನಿನ್ನ ಇಮೇಲ್ ವಿಳಾಸ ಹಳೆಯ ವಿದ್ಯಾರ್ಥಿಗಳ ಸಂಘದವರಿಂದ ಸಿಕ್ಕಿತು. ನಾನು ಶಾಮಸುಂದರ, ಮೈಸೂರಿನ ಫಾರ್ಮಸಿ ಕಾಲೇಜಿನಲ್ಲಿ ನಿಮಗೆ ಔಷಧಗಳ ಚರಿತ್ರೆ ಪಾಠ ಮಾಡಿದವನು. ಊಟದ ನಂತರದ ಆ ಪೀರಿಯಡ್ಡಿನಲ್ಲಿ ನಿದ್ದೆ ಮಾಡದೆ ಕೂರುತ್ತಿದ್ದ ಕೆಲವೇ ಜನರಲ್ಲಿ ನೀನೊಬ್ಬಳು. ದುಬೈಯ ಯಾವುದೋ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೀಯಂತೆ. ಕೇಳಿ ಹೆಮ್ಮೆಯಾಯಿತು.

ನಾನೂ ನನ್ನ ಹೆಂಡತಿ ಅಂಬುಜಳೂ ಮಗ ನಿರಂಜನನ ಮನೆಗೆ ಬಂದು ಮೂರು ತಿಂಗಳಾಯಿತು. ವಿಲ್ಲಾ ದೊಡ್ಡದಿದೆ. ನಿರಂಜನ, ಸೊಸೆ ಇಬ್ಬರೂ ಬೆಳಿಗ್ಗೆ ಕಾರು ಹತ್ತಿದರೆ ಮತ್ತೆ ಕಾಣುವುದು ಸಂಜೆಗೆ. ಇಲ್ಲಿ ಕಾರು ಓಡಿಸಲು ಬಾರದವನಿಗೆ ಕಾಲಿದ್ದೂ ಪ್ರಯೋಜನವಿಲ್ಲ. ಒಂದೇ ಥರದ ಗೋಡೆ, ಒಂದೇ ಥರದ ಗೇಟು. ವಾಕಿಂಗ್ ಹೋಗಿ ಎರಡು ಸಲ ಬೇರೆಯವರ ಮನೆಯ ಬಾಗಿಲು ತಟ್ಟಿದ್ದೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿ ಪೂರ್ತಿ ಮಂದ. ಫೋನ್ ಇಟ್ಟುಕೊಳ್ಳುವುದನ್ನೇ ಬಿಟ್ಟೆ. ಹಾಗಾಗಿ ಈ ಪತ್ರ.

ಹತ್ತೊಂಬತ್ತನೇ ಶತಮಾನದ ಸರ್ವರೋಗ ನಿವಾರಕಗಳ ಬಗ್ಗೆ ನನ್ನ ಪುಸ್ತಕ ಮುಗಿದಿದೆ. ಪ್ರಕಾಶಕರು, "ಸಾರ್, ಇಷ್ಟೊಂದು ಬೈಬೇಡಿ, ಮನೆಮದ್ದು ಅಂತ ನಾಲ್ಕು ಅಧ್ಯಾಯ ಸೇರಿಸಿದ್ರೆ ಓಡತ್ತೆ" ಎನ್ನುತ್ತಾರೆ. ಇಡೀ ಪುಸ್ತಕ ಯಾವುದರ ವಿರುದ್ಧವೋ ಅದನ್ನೇ ಸೇರಿಸಬೇಕಂತೆ. ಯಾರ ಹತ್ತಿರ ಹೇಳಿಕೊಳ್ಳಲಿ?

ಅಂಬುಜಳ ಸಂಧಿವಾತ ಹೆಚ್ಚಾಗಿದೆ. ಬೆರಳ ಗೆಣ್ಣುಗಳು ಊದಿ, ರವಿಕೆಯ ಹುಕ್ಕು ಹಾಕಿಕೊಳ್ಳಲೂ ಆಗುವುದಿಲ್ಲ. ಡಾಕ್ಟರು ವಾರಕ್ಕೊಮ್ಮೆಯ ಮಾತ್ರೆ ಕೊಟ್ಟಿದ್ದಾರೆ. ಅದರಿಂದ ನೋವಿಗಿಂತ ಮೊದಲು ಅವಳ ಊಟ ನಿಂತಿದೆ. ನೀನೊಮ್ಮೆ ಬಂದರೆ ಅವಳಿಗೂ ಸಮಾಧಾನ. ಮೈಸೂರಿನಿಂದ ಬೆಂಗಳೂರಿಗೆ ಹೋದಷ್ಟೇ ದೂರ.

ನಿನ್ನ ಮೇಷ್ಟ್ರು,
ಶಾಮಸುಂದರ

---

ದುಬೈ
೧೯ ಜನವರಿ ೨೦೨೫

ಸರ್, ನಮಸ್ಕಾರ.

ನಿಮ್ಮ ಪತ್ರ ಬಸ್ಸಿನಲ್ಲಿ ಓದಿದೆ. ಕಂಪೆನಿ ಬಸ್ಸು ಜೆಬೆಲ್ ಅಲಿ ತಲುಪುವವರೆಗೆ ಎರಡು ಸಲ ಓದಿದೆ. ಇಲ್ಲಿಗೆ ಬಂದ ಮೇಲೆ ಇಷ್ಟು ಉದ್ದದ ಕನ್ನಡ ನನಗೆ ಯಾರೂ ಬರೆದಿರಲಿಲ್ಲ.

ಬರಬೇಕೆಂದು ಆಸೆ ಇದೆ. ಆದರೆ ವಾರದ ರಜೆಯೂ ನೆಟ್ಟಗೆ ಸಿಗುವುದಿಲ್ಲ. ಕೆಲಸ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಅಮ್ಮನಿಗೆ ಹೇಳಿ, ಆ ಮಾತ್ರೆ ಗುಣ ತೋರಿಸಲು ಎರಡು ಮೂರು ತಿಂಗಳು ಬೇಕು. ಹೊಟ್ಟೆ ತೊಳಸಿದರೆ ಡಾಕ್ಟರಿಗೆ ಹೇಳಬೇಕು, ತಾವಾಗಿ ಬಿಡಬಾರದು.

ಒಂದು ವಿಷಯ ಕೇಳಲೇ? ಆ ಕಾಲದ ಜಾಹೀರಾತುಗಳು ಜನರನ್ನು ಹೇಗೆ ಹಿಡಿದವು? ಬಾಟಲಿಯಲ್ಲಿ ಏನಿತ್ತು ಎನ್ನುವುದು ನೆನಪಿದೆ. ಯಾವ ಥರದ ವಾಕ್ಯ ಬರೆಯುತ್ತಿದ್ದರು ಎನ್ನುವುದು ಮರೆತುಹೋಗಿದೆ. ಸಾಧ್ಯವಾದರೆ ಕನ್ನಡದಲ್ಲಿ ಒಂದೆರಡು ಮಾದರಿ ಕಳಿಸಿ.

ಗಾನವಿ

---

ಅಬುಧಾಬಿ
೨೬ ಜನವರಿ ೨೦೨೫

ಪ್ರಿಯ ಗಾನವಿ,

ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಬ್ಬಳಾದರೂ ಈ ಪ್ರಶ್ನೆ ಕೇಳಿದಳಲ್ಲ. ಲೇಖನ ಬರೆಯುತ್ತಿದ್ದೀಯೆಂದು ಊಹಿಸುತ್ತೇನೆ. ಬರಿ.

ಮೊದಲನೆಯದು, ಅವು ಹೆಸರಿಗಷ್ಟೇ 'ಪೇಟೆಂಟ್' ಔಷಧಗಳು. ನಿಜವಾಗಿ ಪೇಟೆಂಟ್ ಮಾಡಿಸಿದರೆ ಒಳಗೇನಿದೆ ಎಂದು ಹೇಳಬೇಕಾಗುತ್ತಿತ್ತು. ಹಾಗಾಗಿ ಹೆಸರು, ಬಾಟಲಿಯ ಆಕಾರ, ಲೇಬಲ್ಲಿನ ಚಿತ್ರ ಇವನ್ನು ಕಾಪಾಡಿಕೊಂಡರು, ಒಳಗಿನದನ್ನು ಗುಟ್ಟಾಗಿಟ್ಟರು. ಕೂಸುಗಳ ಸಿರಪ್ಪಿನಲ್ಲಿ ಮಾರ್ಫಿನ್, ಹೆಂಗಸರ ಟಾನಿಕ್ಕಿನಲ್ಲಿ ಸಾರಾಯಿ, ಜ್ವರದ ಮದ್ದಿನಲ್ಲಿ ಪಾಷಾಣ. ಪಾನನಿಷೇಧಕ್ಕೆ ಹೋರಾಡುತ್ತಿದ್ದ ಹೆಂಗಸರೇ ದಿನಾ ಚಮಚದಲ್ಲಿ ಅಳೆದು ಸಾರಾಯಿ ಕುಡಿಯುತ್ತಿದ್ದರು. ಇವು ಕೆಲಸ ಮಾಡುತ್ತಿರಲಿಲ್ಲ ಎನ್ನುವುದು ಮೂರ್ಖರ ಮಾತು. ಕೆಲಸ ಮಾಡುತ್ತಿದ್ದವು, ಬೇಗ ಮಾಡುತ್ತಿದ್ದವು. ಬೇಗ ಗುಣ ಕಂಡರೆ ಒಳಗೇನಿದೆ ಎಂದು ಹೆದರಬೇಕು ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದೆನಲ್ಲ.

ಜಾಹೀರಾತಿನ ಹಿಡಿತವಿದ್ದದ್ದು ಪ್ರಶಂಸಾಪತ್ರಗಳಲ್ಲಿ. ಅದರಲ್ಲಿ ಕಾಯಿಲೆಯ ಹೆಸರಿರುವುದಿಲ್ಲ, ಮನೆಕೆಲಸವಿರುತ್ತದೆ. 'ಕೀಲುನೋವು ಹೋಯಿತು' ಎಂದರೆ ಯಾರೂ ನಿಂತು ಓದುವುದಿಲ್ಲ. ನಮ್ಮಲ್ಲಿ ಬರೆದಿದ್ದರೆ ಹೀಗೆ ಬರೆಯುತ್ತಿದ್ದರು, ನಾನೇ ಮಾಡಿದ ಮಾದರಿ ಇದು: 'ಸೂಜಿಗೆ ದಾರ ಪೋಣಿಸಲಾಗದ ಕೈ ಈಗ ಮಾರುಗಟ್ಟಲೆ ಮಲ್ಲಿಗೆ ಕಟ್ಟುತ್ತಿದೆ. ನಮ್ಮ ಯಜಮಾನರು ನಂಬದೆ ಬಂದು ನೋಡಿದರು.' ಕೊನೆಯ ವಾಕ್ಯ ಮುಖ್ಯ. ನಂಬದವನೊಬ್ಬ ಬಂದು ನೋಡಬೇಕು.

ಅಂಬುಜ ಪಕ್ಕದಲ್ಲಿ ಕೂತು, "ಅದನ್ನೆಲ್ಲ ಬರೆದು ಹುಡುಗೀರಿಗೆ ಬೋರ್ ಹೊಡೆಸ್ಬೇಡಿ" ಎನ್ನುತ್ತಿದ್ದಾಳೆ. ಅವಳ ಕೈ ಹಾಗೇ ಇದೆ.

ಶಾಮಸುಂದರ

---

ಅಬುಧಾಬಿ
೯ ಮಾರ್ಚ್ ೨೦೨೫

ಪ್ರಿಯ ಗಾನವಿ,

ಉತ್ತರವಿಲ್ಲ. ಲೇಖನ ಎಲ್ಲಿಗೆ ಬಂತು? ನಡುವೆ ಎರಡು ಪತ್ರ ಹಾಕಿದೆ, ಅವೂ ಹಾಗೇ ಹೋದವು. ನನಗೆ ಇಲ್ಲಿ ಮಾತಿಗೆ ಸಿಗುವವಳು ನೀನೊಬ್ಬಳೇ ಎಂದು ನಿನ್ನ ಮೇಲೆ ಹೊರೆ ಹೊರಿಸುತ್ತಿದ್ದೇನೇನೋ.

ಒಂದು ಒಳ್ಳೆಯ ಸುದ್ದಿಯಿದೆ. ಅಂಬುಜ ಆರಾಮಾಗಿದ್ದಾಳೆ. ಹೊಸ ಔಷಧವೊಂದು ಹಿಡಿಯಿತು. ನಿನ್ನೆ ನನ್ನ ಅಂಗಿಯ ಗುಂಡಿ ಅವಳೇ ಹಾಕಿದಳು, ನಾನು ಕೇಳಿರಲೂ ಇಲ್ಲ.

ಪುಸ್ತಕದ ಕೆಲಸ ನಿಲ್ಲಿಸಿದ್ದೇನೆ. ಮನಸ್ಸಿಲ್ಲ.

ಶಾಮಸುಂದರ

---

ದುಬೈ
೧೬ ಮಾರ್ಚ್ ೨೦೨೫

ಸರ್,

ಕ್ಷಮಿಸಿ. ಅಮ್ಮನ ವಿಷಯ ಓದಿ ಎಷ್ಟು ಖುಷಿಯಾಯಿತು. ಡಾಕ್ಟರನ್ನು ಬದಲಾಯಿಸಿದಿರಾ? ಅಬುಧಾಬಿಯಲ್ಲಿ ಈಗ ಒಳ್ಳೆಯ ಇಂಜೆಕ್ಷನ್‌ಗಳು ಬಂದಿವೆ, ಅದೇ ಇರಬೇಕು. ಬಿಡದೆ ಮುಂದುವರಿಸಿ.

ಪುಸ್ತಕ ನಿಲ್ಲಿಸಬೇಡಿ. ನನ್ನ ಕೆಲಸದಲ್ಲಿ ಕಿರಿಕಿರಿ ನಡೆದಿದೆ. ಮ್ಯಾನೇಜರ್ ಅನಿಕೇತ್ ಎನ್ನುವವರು ಬೆಂಗಳೂರಿನವರು. ಏನು ಕೇಳಿದರೂ, "ಗಾನವಿ, ಯಾಕೆ ಇಷ್ಟು ಟೆನ್ಷನ್ ತಗೋತೀಯ, ಯಲ್ಲಾ, ನಡಿ ನಡಿ, ಕೆಲಸ ಮುಗ್ಸು" ಎನ್ನುತ್ತಾರೆ. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ನಕ್ಕರು. ಮೇಲಿನವರನ್ನು ಕೇಳೋಣವೆಂದರೆ ಮೇಲಿನವರು ಯಾರೆಂದೇ ಗೊತ್ತಿಲ್ಲ. ವಿವರ ಬರೆಯಲಾರೆ.

ಗಾನವಿ

---

ಅಬುಧಾಬಿ
೨೦ ಏಪ್ರಿಲ್ ೨೦೨೫

ಪ್ರಿಯ ಗಾನವಿ,

ನೀನು ಈಗ ಅಂಬುಜಳನ್ನು ನೋಡಬೇಕು. ಬೆಳಗಿನ ಜಾವಕ್ಕೇ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆಯುತ್ತಾಳೆ. ನಿದ್ದೆಯೇ ಬೇಡವಂತೆ. ಹಸಿವು ಚೆನ್ನಾಗಿದೆ. ಬತ್ತಿಹೋಗಿದ್ದ ಕೆನ್ನೆ ತುಂಬಿ ಮುಖ ಗುಂಡಗಾಗಿದೆ, ಮದುವೆಯ ಫೋಟೋದಲ್ಲಿದ್ದ ಹಾಗೆ. ಕೋಡುಬಳೆ ಹೊಸೆದು ನಮ್ಮ ವಿಲ್ಲಾಗಳ ಕಾಂಪೌಂಡಿನ ಮನೆಮನೆಗೆ ಹಂಚಿದಳು. ಸಂಜೆ ಪಾರ್ಕಿನಲ್ಲಿ ಹೆಂಗಸರೆಲ್ಲ ಅವಳ ಸುತ್ತ. ಭಟ್ಕಳದ ನಸೀಬಾ ಎನ್ನುವವರು ಮಂಡಿನೋವಿನವರು, ಅಂಬುಜಳ ಕೈ ಹಿಡಿದು ಬೆರಳು ಮಡಿಚಿ ಬಿಡಿಸಿ ನೋಡುತ್ತಾರೆ.

ಇಂಜೆಕ್ಷನ್ ಅಲ್ಲ. ಕಷಾಯ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದು, ಮನೆಗೇ ತಂದುಕೊಡುತ್ತಾರೆ. ಡಾಕ್ಟರ ಮಾತ್ರೆಯನ್ನು ಅವಳು ಬಿಟ್ಟು ಬಹಳ ದಿನವಾಯಿತು. ನಿನಗೆ ಹೇಳಲು ಮುಜುಗರವಾಗಿ ಸುಮ್ಮನಿದ್ದೆ. ನನಗೇನು ತೋಚಬೇಕಿತ್ತು ಎಂದು ನಿನಗೂ ಗೊತ್ತು. ತೋಚದೆ ಇರಲಿಲ್ಲ. ಆದರೆ ಎದುರಿಗೆ ಅವಳು ಹಾಡಿಕೊಂಡು ಹಿಟ್ಟು ನಾದುತ್ತಿರುವಾಗ, ಬಾಯಿ ತೆರೆದು ಅವಳಿಗೇನು ಹೇಳಲಿ?

ಶಾಮಸುಂದರ

---

ಅಬುಧಾಬಿ
೨೮ ಏಪ್ರಿಲ್ ೨೦೨೫, ಮಧ್ಯಾಹ್ನ

ಗಾನವಿ,

ಹೊಸ ಬಾಟಲಿಗಳು ಬಂದವು. ಈ ಸಲ ಜೊತೆಗೆ ಕನ್ನಡದ ಕರಪತ್ರವಿತ್ತು. ಅಂಬುಜ ಕನ್ನಡಕ ಹಾಕಿಕೊಂಡು ಖುಷಿಯಿಂದ ಗಟ್ಟಿಯಾಗಿ ಓದಿದಳು. 'ಸೂಜಿಗೆ ದಾರ ಪೋಣಿಸಲಾಗದ ಕೈ ಈಗ ಮಾರುಗಟ್ಟಲೆ ಮಲ್ಲಿಗೆ ಕಟ್ಟುತ್ತಿದೆ. ನಮ್ಮ ಯಜಮಾನರು ನಂಬದೆ ಬಂದು ನೋಡಿದರು.' ಕೆಳಗೆ 'ಒಬ್ಬ ಗೃಹಿಣಿ' ಎಂದಿದೆ.

ಅದು ಅಂಬುಜಳ ಕೈ ನೋಡುತ್ತಾ ನಾನು ಬರೆದ ವಾಕ್ಯ. ನಿನಗೊಬ್ಬಳಿಗೇ ಬರೆದದ್ದು.

ನೀನು ಯಾವ ಆಸ್ಪತ್ರೆಯಲ್ಲೂ ಇಲ್ಲ. ಬರೀ ಗೋದಾಮುಗಳಿರುವ ಜೆಬೆಲ್ ಅಲಿಗೆ ಕಂಪೆನಿ ಬಸ್ಸಿನಲ್ಲಿ ಹೋಗುವ ಫಾರ್ಮಸಿಸ್ಟ್ ಯಾರು ಎಂದು ಆಗಲೇ ಕೇಳಬೇಕಿತ್ತು. ನನ್ನಿಂದ ಪಾಠ ಕೇಳಿ ನನ್ನ ಮನೆಗೇ ಮಾರಿದೆ.

ಎಲ್ಲ ಬಾಟಲಿಗಳನ್ನೂ ಸಿಂಕಿಗೆ ಸುರಿದಿದ್ದೇನೆ. ಅಂಬುಜ ಅತ್ತಳು, ಸುರಿದೇ ಬಿಟ್ಟೆ. ಇನ್ನು ನಿನ್ನ ಪತ್ರಗಳನ್ನು ತೆರೆಯುವುದಿಲ್ಲ.

ಶಾಮಸುಂದರ

---

ದುಬೈ
೨೮ ಏಪ್ರಿಲ್ ೨೦೨೫, ಸಂಜೆ

ಸರ್, ದಯವಿಟ್ಟು ಇದನ್ನು ತೆರೆಯಿರಿ. ಮಿಕ್ಕಿದ್ದಕ್ಕೆಲ್ಲ ಆಮೇಲೆ ಬೈಯಿರಿ.

ಔಷಧ ಒಮ್ಮೆಲೇ ನಿಲ್ಲಿಸಬಾರದು. ಆ ಕಷಾಯದಲ್ಲಿ ಸ್ಟೀರಾಯ್ಡ್ ಇದೆ ಎಂದು ನನಗೆ ಬಲವಾದ ಅನುಮಾನ. ಇಷ್ಟು ದಿನ ಕುಡಿದವರ ಮೈ ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುವುದನ್ನು ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಕುಸಿಯುತ್ತದೆ, ವಾಂತಿ, ಸುಸ್ತು, ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಅಪಾಯ. ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಖಾಲಿ ಬಾಟಲಿ ತೋರಿಸಿ. 'ಸ್ಟೀರಾಯ್ಡ್ ಇರಬಹುದು' ಎಂದಷ್ಟೇ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಇಲ್ಲಿನ ಫಾರ್ಮಸಿಸ್ಟ್ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಫೇಲಾದೆ. ಊರಿಗೆ ಹೋಗಲು ಮುಖವಿಲ್ಲದೆ ಕಷಾಯ ಮಾರುವ ಈ ಕಂಪೆನಿಗೆ ಸೇರಿದೆ. ನನ್ನ ಕೆಲಸ ಜಾಹೀರಾತು ಬರೆಯುವುದು. ನೀವು ಲೇಖನವೆಂದುಕೊಂಡಾಗ ಅಲ್ಲವೆನ್ನಲಿಲ್ಲ. ಗಿಡಮೂಲಿಕೆಯ ನೀರು, ಯಾರಿಗೂ ಕೆಡುಕಾಗದು ಎಂದುಕೊಂಡಿದ್ದೆ. ಆಮೇಲೆ ಗ್ರಾಹಕರ ಫೋನ್‌ಗಳು ಬರತೊಡಗಿದವು. ಮೂರೇ ದಿನಕ್ಕೆ ನೋವು ಮಾಯ, ಮುಖ ಊದಿದೆ, ನಿದ್ದೆ ಬರುವುದಿಲ್ಲ, ಶುಗರ್ ಏರಿದೆ. ಕೇಳಿದರೆ ಅನಿಕೇತ್, "ಇದು ಮೆಡಿಸಿನ್ನೇ ಅಲ್ಲ, ಫುಡ್ ಸಪ್ಲಿಮೆಂಟು. ಸೈಡ್ ಎಫೆಕ್ಟ್ ಎಲ್ಲಿಂದ ಬರತ್ತೆ? ಖಲಾಸ್" ಎನ್ನುತ್ತಿದ್ದರು.

ಇಪ್ಪತ್ತನೇ ತಾರೀಖಿನ ನಿಮ್ಮ ಪತ್ರವನ್ನು ನಾಚಿಕೆಯಿಂದ ಇವತ್ತಿನವರೆಗೆ ತೆರೆದಿರಲಿಲ್ಲ. ಗುಂಡಗಾದ ಮುಖ ಎಂದು ಓದಿದ ಕೂಡಲೇ ಅದು ಸ್ಟೀರಾಯ್ಡಿನ ಊತವೆಂದು ತಿಳಿಯಿತು. ದಯವಿಟ್ಟು ಓದಿ.

ಗಾನವಿ

---

ದುಬೈ
೩೦ ಏಪ್ರಿಲ್ ೨೦೨೫

ಸರ್,

ಇದನ್ನೂ ನೀವು ತೆರೆಯುವುದಿಲ್ಲ, ಗೊತ್ತು. ನಿನ್ನೆ ಬಸ್ಸು ಹಿಡಿದು ಅಬುಧಾಬಿಗೆ ಬಂದಿದ್ದೆ. ನಿಮ್ಮ ಮನೆಯ ವಿಳಾಸವನ್ನು ಒಂದು ದಿನವೂ ಕೇಳಿರಲಿಲ್ಲ. ಬರಬೇಕಾಗುತ್ತದಲ್ಲ ಎಂದು ಕೇಳಿರಲಿಲ್ಲ. ಟ್ಯಾಕ್ಸಿಯವನು, "ಯಾವ ಜೋನ್?" ಎಂದ. ಗೊತ್ತಿಲ್ಲವೆಂದೆ. ನೀವೇ ಬರೆದ ಹಾಗೆ ಒಂದೇ ಥರದ ಗೋಡೆ, ಒಂದೇ ಥರದ ಗೇಟು. ಇಂಡಿಯನ್ ಶಾಲೆಯ ಮುಂದೆ ನಿಂತು ಮಕ್ಕಳನ್ನು ಕರೆದೊಯ್ಯಲು ಬಂದ ಅಮ್ಮಂದಿರನ್ನು ಕೇಳಿದೆ, "ಮೈಸೂರಿನ ನಿರಂಜನ ಅಂತ, ಕಿವಿ ಕೇಳದ ತಂದೆ ಇದ್ದಾರೆ." ಒಬ್ಬಾಕೆಯ ಮಗ "ಮಮ್ಮಾ, ಇಟ್ಸ್ ಸೋ ಹಾಟ್" ಎಂದು ರಾಗ ತೆಗೆದ. ಅವರು ಕಾರು ಹತ್ತಿದರು. ಕತ್ತಲಾಗುವವರೆಗೆ ನಡೆದು ವಾಪಸ್ಸು ಬಂದೆ.

ಲಿಂಕ್ಡ್‌ಇನ್‌ನಲ್ಲಿ ಆ ಹೆಸರಿನ ಎಲ್ಲರಿಗೂ ಸಂದೇಶ ಹಾಕಿದ್ದೇನೆ. ಅವರಲ್ಲೊಬ್ಬರಾದರೂ ನಿಮ್ಮ ಮಗನಾಗಿರಲಿ.

ಗಾನವಿ

---

ಅಬುಧಾಬಿ
೬ ಮೇ ೨೦೨೫

ಗಾನವಿ,

ಆಸ್ಪತ್ರೆಯ ಕಾರಿಡಾರಿನಿಂದ ಬರೆಯುತ್ತಿದ್ದೇನೆ. ಅಂಬುಜ ಬದುಕಿದ್ದಾಳೆ. ಅದನ್ನು ಮೊದಲು ಹೇಳಬೇಕು.

ಬಾಟಲಿ ಸುರಿದ ಮಾರನೆಯ ದಿನವೇ ಅವಳು ಊಟ ಬೇಡವೆಂದಳು. ಕೋಪವೆಂದುಕೊಂಡೆ. ನಾನೂ ಮಾತು ಬಿಟ್ಟೆ. ಆಮೇಲೆ ವಾಂತಿ ಶುರುವಾಯಿತು. ಚಟ ಬಿಡುವಾಗ ಹೀಗೇ ಆಗುತ್ತದೆ, ಸಾರಾಯಿ ಟಾನಿಕ್ ಬಿಟ್ಟವರಿಗೂ ಆಗುತ್ತಿತ್ತು ಎಂದು ನಿರಂಜನನಿಗೆ ಪಾಠ ಹೇಳಿದೆ. ಒಂದನೇ ತಾರೀಖು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಿದ್ದಳು. ಆಂಬುಲೆನ್ಸಿನಲ್ಲಿ ಕೂತಾಗ ನಿರಂಜನನ ಫೋನಿನಲ್ಲಿ ನಿನ್ನ ಸಂದೇಶ ಕಂಡಿತು. "ಅಪ್ಪಾ, ಗಾನವಿ ಯಾರು? ಅವರ ಮೇಲ್ ತೆಗೀರಿ, ಈಗಲೇ" ಎಂದು ನನ್ನ ಕಿವಿಯ ಹತ್ತಿರ ಕೂಗಿದ. ನಾನು ಅದನ್ನು ಅಲ್ಲಿ, ಅವನ ಫೋನಿನಲ್ಲೇ, ಆ ಸೈರನ್ನಿನ ಕೆಳಗೆ ಓದಿದೆ. ಡಾಕ್ಟರು ಹೇಳಿದರು, ಆ ಒಂದು ಪದ ಬಾಗಿಲಲ್ಲೇ ಗೊತ್ತಾದದ್ದರಿಂದ ತಡವಾಗಲಿಲ್ಲ ಎಂದು.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಹೋಗುತ್ತದೆಯೋ ಗೊತ್ತಿಲ್ಲ. ಆದರೆ ಅದನ್ನು ಪೂರ್ತಿ ನಿನ್ನ ಮೇಲೆ ಹಾಕಲು ಹೊರಟರೆ ಅರ್ಧ ನನ್ನ ಹತ್ತಿರವೇ ಉಳಿಯುತ್ತದೆ. ಬೇಗ ಗುಣ ಕಂಡದ್ದಕ್ಕೆ ಹೆದರಬೇಕಾದವನು ನಾನು. ಹೆದರಿದ್ದೆ ಕೂಡ. ಅವಳು ಗುಂಡಿ ಹಾಕಿದ ಅಂಗಿಯನ್ನು ಆ ದಿನವೆಲ್ಲ ಬಿಚ್ಚಲಿಲ್ಲ, ಅಷ್ಟೇ.

ಶಾಮಸುಂದರ

---

ದುಬೈ
೧೧ ಮೇ ೨೦೨೫

ಸರ್,

ಅಮ್ಮ ಬದುಕಿದ್ದಾರೆ ಎನ್ನುವ ಸಾಲನ್ನು ಬಸ್‌ಸ್ಟಾಪಿನಲ್ಲಿ ಮೂರು ಸಲ ಓದಿದೆ.

ಆರೋಗ್ಯ ಇಲಾಖೆಗೆ ದೂರು ಕೊಟ್ಟೆ. ಬಾಟಲಿ ತೆಗೆದುಕೊಂಡರು, ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಒಳ್ಳೆಯ ಮಾತೇ ಆಡಿದರು. ಆದರೆ ಅಷ್ಟರಲ್ಲಿ ಅನಿಕೇತ್ ಗೋದಾಮಿನ ಸರಕೆಲ್ಲ ಸಾಗಿಸಿದ್ದರು. ಹೆಸರು ಬೇರೆ, ಲೇಬಲ್ ಬೇರೆ, ಒಳಗಿನದು ಅದೇ ಇರಬೇಕು. ನನ್ನನ್ನು ತೆಗೆದುಹಾಕಿದರು. ಹೊರಡುವಾಗ, "ನೀನು ಬರೆದ ಆ್ಯಡ್ ಕಾಪಿ ಮಾತ್ರ ಸೂಪರ್ ಆಗಿತ್ತು, ಅದನ್ನ ಹಾಗೇ ಇಟ್ಕೋತೀವಿ" ಎಂದರು.

ಆ ವಾಕ್ಯವನ್ನು ಹಿಂದಕ್ಕೆ ಪಡೆಯಲು ನನಗೆ ದಾರಿಯೇ ಇಲ್ಲ. ವಾಟ್ಸಾಪ್ ಗುಂಪುಗಳಿಗೆ 'ಕುಡಿಯಬೇಡಿ, ಆದರೆ ಥಟ್ಟನೆ ಬಿಡಲೂಬೇಡಿ, ಡಾಕ್ಟರ ಹತ್ತಿರ ಹೋಗಿ' ಎಂದು ಬರೆದು ಹಾಕಿದೆ. ಒಂದರಿಂದ ಹೊರಗೆ ಹಾಕಿದರು. ಇನ್ನೊಂದರಲ್ಲಿ ಯಾರೋ ಕೈಮುಗಿಯುವ ಚಿತ್ರ ಹಾಕಿ, ಅದರ ಕೆಳಗೇ ಜಾಹೀರಾತನ್ನು ಮತ್ತೆ ಹಾಕಿದರು. ನಾನೇ ಹಾಕಿದ ವಾಕ್ಯ, ನನ್ನ ಎಚ್ಚರಿಕೆಗಿಂತ ಚೆನ್ನಾಗಿದೆ.

ಬೇರೆ ಕೆಲಸ ಸಿಗದಿದ್ದರೆ ವೀಸಾ ಮುಗಿಯುತ್ತದೆ. ಹೋಗುವ ಮೊದಲು ಬಂದು ಅಮ್ಮನನ್ನು ನೋಡಲೇ? ಬೇಡವೆಂದರೂ ಸರಿ.

ಗಾನವಿ

---

ಮೊಹಮ್ಮದ್ ಬಿನ್ ಜಾಯೆದ್ ಸಿಟಿ
೨೫ ಮೇ ೨೦೨೫

ಗಾನವಿ,

ಇದು ನಾನು, ಅಂಬುಜ. ಟ್ಯಾಬಿನಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ನಿರಂಜನ ತೋರಿಸಿಕೊಟ್ಟ. ನಿಮ್ಮ ಮೇಷ್ಟ್ರು ಮಲಗಿದ್ದಾರೆ. ನಿಮ್ಮಿಬ್ಬರ ಪತ್ರಗಳನ್ನೂ ಓದಿದೆ. ಎಷ್ಟು ಚೆನ್ನಾಗಿ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡಿದ್ದೀರಿ. ನನ್ನನ್ನು ಯಾರೂ ಏನೂ ಕೇಳಿಲ್ಲ. ಬಾಟಲಿ ಸುರಿಯುವಾಗಲೂ ಕೇಳಲಿಲ್ಲ.

ಈಗ ನನಗೆ ಅದೇ ಸ್ಟೀರಾಯ್ಡಿನ ಚಿಕ್ಕ ಮಾತ್ರೆ ಕೊಟ್ಟಿದ್ದಾರೆ, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಹೋಗಬೇಕು. ಮೊದಲಿನ ವಾರದ ಮಾತ್ರೆಯೂ ಶುರುವಾಗಿದೆ, ಹೊಟ್ಟೆಗೆ ಬೇರೆ ಕೊಟ್ಟಿದ್ದಾರೆ. ಬೆರಳುಗಳು ಮತ್ತೆ ಊದಿವೆ. ನೋವು ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ. ನಡುವೆ ಕೆಲವು ವಾರ ನೋವಿಲ್ಲದೆ ಇದ್ದೆನಲ್ಲ, ಅದಕ್ಕೇ ಇರಬಹುದು.

ಹಿಂದಿನ ಕಾಲದ ಜನ ಮೋಸ ಹೋದರು ಎಂದು ಮೇಷ್ಟ್ರು ಪುಸ್ತಕದ ತುಂಬ ಬರೆದಿದ್ದಾರೆ. ನಾನು ಮೋಸ ಹೋಗಿದ್ದು ನಿಜ. ಆದರೆ ನನಗೆ ನೋವು ನಿಂತದ್ದೂ ನಿಜ. ಎರಡನೆಯದನ್ನು ಬರೆಯದಿದ್ದರೆ ಮೊದಲನೆಯದು ಯಾರಿಗೂ ಅರ್ಥವಾಗುವುದಿಲ್ಲ ಎಂದು ಹೇಳಿದೆ. "ಯೋಚ್ನೆ ಮಾಡ್ತೀನಿ" ಎಂದರು. ಮಾಡಲಿ.

ಆ ವಾಕ್ಯದ ಬಗ್ಗೆ ಬಹಳ ಕೊರಗಿದ್ದೀಯ. ಈ ಕಾಂಪೌಂಡಿನಲ್ಲಿ ಅದನ್ನು ಓದಿ ಯಾರೂ ಕೊಂಡಿರಲಿಲ್ಲ. ನನ್ನ ಕೈ ನೋಡಿ ಕೊಂಡರು. ನಾನೇ ಕೋಡುಬಳೆ ಕೊಟ್ಟು, ನಾನೇ ಹೆಸರು ಹೇಳಿ, ನಾನೇ ಆರ್ಡರ್ ಮಾಡಿಕೊಟ್ಟೆ. ಅದಕ್ಕೆ ಈಗ ಬಿಸಿಲು ಇಳಿದ ಮೇಲೆ ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದೇನೆ. ನಿರಂಜನ ಕಾರಿನಲ್ಲಿ ಬಿಡುತ್ತೇನೆ ಎಂದ, ಬೇಡವೆಂದೆ. ಕಾರು ನಿಂತಿದ್ದರೆ ಜನ ಬೇಗ ಕಳಿಸಿಬಿಡುತ್ತಾರೆ. ಕೆಲವರು ಕೇಳಿದರು, ಡಾಕ್ಟರ ಹತ್ತಿರ ಹೋದರು. ಒಬ್ಬಾಕೆ, "ಆಂಟಿ, ನಿಮಗೆ ಸೂಟ್ ಆಗ್ಲಿಲ್ಲ ಅಷ್ಟೇ" ಎಂದು ಜ್ಯೂಸ್ ಕೊಟ್ಟು ಕಳಿಸಿದಳು.

ನಸೀಬಾ ಮಾತ್ರ ಕೇಳುತ್ತಿಲ್ಲ. ಅವಳಿಗೆ ಶುಗರ್ ಇದೆ, ಮುಖ ನನ್ನ ಹಾಗೇ ಊದಿದೆ. ಮೊನ್ನೆ ಅರ್ಧ ಬಾಗಿಲು ತೆಗೆದು ನಿಂತಳು. "ಅಂಬುಜಕ್ಕ, ನೀವು ಅದನ್ನೇ ಕುಡ್ದು ಚಲೋ ಆದ್ರಿ. ನಾ ಎರಡು ವರ್ಷದ ಮೇಲೆ ನೆಲಕ್ಕೆ ಕೂತು ನಮಾಜ್ ಮಾಡ್ತಿದ್ದೀನಿ. ಈಗ ಬಂದು ಬ್ಯಾಡ ಅಂದ್ರೆ ನಾ ಹ್ಯಾಂಗೆ ಕೇಳ್ಲಿ?" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. "ಡಾಕ್ಟರ ಹತ್ರ ಒಟ್ಟಿಗೆ ಹೋಗೋಣ, ನಾನೂ ಬರ್ತೀನಿ" ಎಂದೆ. ಬಾಗಿಲು ಹಾಕಿಕೊಂಡಳು. ನಿನ್ನೆ ಹೋದಾಗ ತೆಗೆಯಲೇ ಇಲ್ಲ. ಒಳಗೆ ಟಿ.ವಿ. ಕೇಳಿಸುತ್ತಿತ್ತು.

ನೀನು ಬರಬೇಕು. ಮೇಷ್ಟ್ರು ಏನೆನ್ನುತ್ತಾರೋ ನಾನು ಕೇಳಿಲ್ಲ, ನನ್ನನ್ನು ನೋಡಲು ಬರುವವಳು ನೀನು. ಈ ಶನಿವಾರ ಬಾ. ವಿಳಾಸ ಕೆಳಗೆ ಬರೆಸಿದ್ದೇನೆ, ಜೋನ್ ನಂಬರ್ ಸಮೇತ. ಸಂಜೆ ಇಬ್ಬರೂ ನಸೀಬಾಳ ಮನೆಗೆ ಹೋಗೋಣ. ಬಾಟಲಿಯಲ್ಲಿ ಏನಿದೆ ಎಂದು ನೀನು ಹೇಳು. ನಾನು ನನ್ನ ಕೈ ತೋರಿಸುತ್ತೇನೆ, ಈಗ ಹೇಗಿದೆಯೋ ಹಾಗೇ. ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರೋಣ.

ಅಂಬುಜಮ್ಮ